ಉದ್ಧರಣ ಚಿಹ್ನೆಗಳ ನಡುವೆ ಅಡಗಿದ ತಪ್ಪು

'ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ' ಎಂಬ ಪ್ರಶ್ನೆ ಇಲ್ಲದ ಪ್ರಶ್ನೆಪತ್ರಿಕೆ ನಮ್ಮ ಶಾಲೆಗಳಲ್ಲಿ ವಿರಳ. ವಾಕ್ಯ ಮೊದಲೇ ಸಿದ್ಧವಾಗಿರುತ್ತದೆ. ಅದರ ನಡುವೆ ಒಂದೋ ಎರಡೋ ಖಾಲಿ ಜಾಗ. ಅಲ್ಲಿ ಕೂರಬೇಕಾದುದನ್ನು ವಿದ್ಯಾರ್ಥಿ ಒದಗಿಸಬೇಕು. ಗಣಕ ನಮಗೆ ತೋರಿಸುವ ಎಷ್ಟೋ ಸಂದೇಶಗಳು ತಯಾರಾಗುವುದು ಇದೇ ವಿಧಾನದಿಂದ. ಖಾತೆಯಲ್ಲಿ ಉಳಿದ ಹಣವನ್ನು ತಿಳಿಸುವ ಚೀಟಿಯಾಗಲಿ, ಗಾಡಿಯ ಸಂಖ್ಯೆಯನ್ನೂ ಊರನ್ನೂ ತೋರಿಸುವ ಫಲಕವಾಗಲಿ, ಒಳಗೆ ಒಂದು ಸಿದ್ಧ ವಾಕ್ಯ ಮತ್ತು ಕೆಲವು ಬಿಟ್ಟ ಸ್ಥಳಗಳಿರುತ್ತವೆ. ಈ ಸಿದ್ಧ ವಾಕ್ಯವನ್ನು ನಾವು ಇಲ್ಲಿ 'ನಮೂನೆ ಸಾಲು' ಎಂದು ಕರೆಯೋಣ.

ಬಿಟ್ಟ ಸ್ಥಳ ಮೂರಿದ್ದು ಉತ್ತರ ಎರಡೇ ಇದ್ದರೆ ಏನಾಗುತ್ತದೆ? ಸಂಖ್ಯೆ ಬರಬೇಕಾದಲ್ಲಿ ಹೆಸರು ಬಂದರೆ? ಶಾಲೆಯಲ್ಲಾದರೆ ಒಂದು ಅಂಕ ಹೋಗುತ್ತದೆ. ಗಣಕದಲ್ಲಿ ಇದೇ ತಪ್ಪಿನಿಂದ ಪರಕೀಯರೊಬ್ಬರು ಇಡೀ ಯಂತ್ರವನ್ನು ವಶಪಡಿಸಿಕೊಳ್ಳಬಹುದು. ಪ್ರೋಗ್ರಾಮನ್ನು ನಡೆಸದೆ, ಬರಿದೇ ಓದಿ ತಪ್ಪು ಹುಡುಕುವ ತಂತ್ರಾಂಶಗಳು 1970ರ ದಶಕದಿಂದಲೂ ಇವೆ. ಈ ಕೆಲಸಕ್ಕೆ 'ಸ್ಥಿರ ವಿಶ್ಲೇಷಣೆ' ಎಂದು ಹೆಸರು. ಹಾಗಿದ್ದೂ ಇಷ್ಟು ಸರಳವಾದ ತಪ್ಪು ಅವುಗಳ ಕಣ್ಣು ತಪ್ಪಿಸಿಕೊಂಡು ಬಂದಿದ್ದು ಹೇಗೆ? ಇದರ ಚರಿತ್ರೆ ಕುತೂಹಲಕರ.

ಬೆರಳು ಮಡಿಸಿ ಎಣಿಸುತ್ತಿದ್ದ ಕಾಲ

ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಐಬಿಎಂ 704 ಯಂತ್ರಕ್ಕಾಗಿ ಸಿದ್ಧಪಡಿಸಿದ ಫೋರ್ಟ್ರಾನ್ ಭಾಷೆ 1957ರಲ್ಲಿ ಬಳಕೆಗೆ ಬಂತು. ಉತ್ತರವನ್ನು ಹೇಗೆ ಮುದ್ರಿಸಬೇಕು ಎಂಬುದನ್ನು ತಿಳಿಸಲು ಅದರಲ್ಲಿ 'ಫಾರ್ಮ್ಯಾಟ್' ಎಂಬ ಪ್ರತ್ಯೇಕ ಹೇಳಿಕೆ ಇತ್ತು. ಪೂರ್ಣಾಂಕವೊಂದಕ್ಕೆ ಎಷ್ಟು ಅಂಕಣ ಬಿಡಬೇಕು, ದಶಮಾಂಶ ಬಿಂದುವಿನ ಮುಂದೆ ಎಷ್ಟು ಅಂಕಿ ಬೇಕು ಎಂಬುದನ್ನೆಲ್ಲ ಅಲ್ಲಿ ಸಂಕೇತಗಳಲ್ಲಿ ಬರೆಯುತ್ತಿದ್ದರು. ನಡುವೆ ಪದಗಳನ್ನು ಮುದ್ರಿಸಬೇಕಾದರೆ ಅವುಗಳಲ್ಲಿ ಎಷ್ಟು ಅಕ್ಷರಗಳಿವೆ ಎಂಬುದನ್ನು ಪ್ರೋಗ್ರಾಮ್ ಬರೆಯುವವರೇ ಎಣಿಸಿ ಮೊದಲು ನಮೂದಿಸಬೇಕಿತ್ತು. ಎಣಿಕೆ ಒಂದು ತಪ್ಪಿದರೆ ಪದದ ಬಾಲ ಕತ್ತರಿಸಿ ಹೋಗುತ್ತಿತ್ತು, ಇಲ್ಲವೇ ಮುಂದಿನ ಸಂಕೇತವೂ ಪದದೊಳಗೆ ಸೇರಿಬಿಡುತ್ತಿತ್ತು.

ಅಂದರೆ ಆರಂಭದಿಂದಲೇ ನಮೂನೆ ಎಂಬುದು ಪ್ರೋಗ್ರಾಮಿನೊಳಗೆ ಹುದುಗಿದ ಮತ್ತೊಂದು ಪುಟ್ಟ ಭಾಷೆ. ಅದಕ್ಕೆ ತನ್ನದೇ ವ್ಯಾಕರಣವಿದೆ. ಹೊರಗಿನ ಭಾಷೆಯ ನಿಯಮಗಳು ಅದರೊಳಗೆ ನಡೆಯುವುದಿಲ್ಲ. ಮುಂದಿನ ಎಲ್ಲ ತೊಡಕುಗಳ ಬೇರು ಇಲ್ಲಿದೆ.

ಬಗೆ ಇಲ್ಲದ ಭಾಷೆಯ ಬಳುವಳಿ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ರೂಪಿಸಿದ 'ಬಿ' ಎಂಬ ಭಾಷೆಯಲ್ಲಿ 'ಪ್ರಿಂಟ್‌ಎಫ್' ಎಂಬ ಫಂಕ್ಷನ್ ಇತ್ತು. ಥಾಂಪ್ಸನ್ 1972ರಲ್ಲಿ ಬರೆದ ಆ ಭಾಷೆಯ ಕೈಪಿಡಿಯಲ್ಲಿ ಅದರ ವಿವರಣೆ ಇದೆ. ಬಿ ಭಾಷೆಯಲ್ಲಿ ದತ್ತಾಂಶಕ್ಕೆ ಬಗೆಗಳೇ ಇರಲಿಲ್ಲ. ಪೂರ್ಣಾಂಕ, ಅಕ್ಷರ, ಸ್ಮೃತಿಯ ವಿಳಾಸ ಎಲ್ಲವೂ ಯಂತ್ರದ ಒಂದೊಂದು 'ಪದ' ಅಷ್ಟೆ. ಆದ್ದರಿಂದ ಕೊಟ್ಟ ಮೌಲ್ಯವನ್ನು ಸಂಖ್ಯೆಯಾಗಿ ಮುದ್ರಿಸಬೇಕೋ ಅಕ್ಷರಗಳಾಗಿ ಮುದ್ರಿಸಬೇಕೋ ಎಂದು ಹೇಳಲು ಬೇರೊಂದು ಉಪಾಯ ಬೇಕಿತ್ತು. ಆ ಉಪಾಯವೇ ಶೇಕಡಾ ಚಿಹ್ನೆ. '%ಡಿ' ಎಂದರೆ ಇಲ್ಲಿ ದಶಮಾನ ಸಂಖ್ಯೆ ಬರಲಿ, '%ಎಸ್' ಎಂದರೆ ಇಲ್ಲಿ ಅಕ್ಷರಗಳ ಸರಣಿ ಬರಲಿ ಎಂದರ್ಥ. (ಇಂಗ್ಲಿಷ್ ಅಕ್ಷರಗಳನ್ನು ಇಲ್ಲಿ ಅವುಗಳ ಉಚ್ಚಾರಣೆಯಿಂದ ಸೂಚಿಸಿದೆ.)

ಉದಾಹರಣೆಗೆ:

ಪ್ರಿಂಟ್‌ಎಫ್("ಗಾಡಿ %ಡಿ, ಊರು %ಎಸ್", ಸಂಖ್ಯೆ, ಹೆಸರು)

ಡೆನಿಸ್ ರಿಚಿ ಬಿ ಭಾಷೆಯನ್ನು ಬೆಳೆಸಿ 'ಸಿ' ಭಾಷೆಯನ್ನು ರೂಪಿಸಿದಾಗ ದತ್ತಾಂಶಕ್ಕೆ ಬಗೆಗಳು ಬಂದವು. ಆದರೆ ಪ್ರಿಂಟ್‌ಎಫ್ ಹಳೆಯ ಸ್ವಭಾವದಲ್ಲೇ ಉಳಿಯಿತು. ತನಗೆ ಎಷ್ಟು ಮೌಲ್ಯ ಬಂದಿದೆ, ಅವು ಯಾವ ಬಗೆಯವು ಎಂಬುದು ಅದಕ್ಕೆ ತಿಳಿಯದು. ನಮೂನೆ ಸಾಲು ಹೇಳಿದ್ದನ್ನು ಅದು ನಂಬುತ್ತದೆ. ಬಿಟ್ಟ ಸ್ಥಳ ಮೂರಿದ್ದು ಮೌಲ್ಯ ಎರಡೇ ಬಂದಿದ್ದರೆ, ಮೂರನೆಯ ಮೌಲ್ಯ ಇರಬೇಕಾಗಿದ್ದ ಜಾಗದಲ್ಲಿ ಆಗ ಏನಿದೆಯೋ ಅದನ್ನೇ ಎತ್ತಿಕೊಳ್ಳುತ್ತದೆ. %ಎಸ್ ಇರುವಲ್ಲಿ 12 ಎಂಬ ಸಂಖ್ಯೆ ಬಂದರೆ ಅದನ್ನು ಸ್ಮೃತಿಯ 12ನೆಯ ವಿಳಾಸವೆಂದು ತಿಳಿದು ಅಲ್ಲಿಂದ ಓದಲು ಹೋಗುತ್ತದೆ. ಪ್ರೋಗ್ರಾಮ್ ಕುಸಿದು ಬೀಳುತ್ತದೆ. ಕರ್ನಿಘನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಿ ಪಠ್ಯಪುಸ್ತಕದಲ್ಲೇ ಈ ಅಪಾಯದ ಬಗ್ಗೆ ಓದುಗರಿಗೆ ಎಚ್ಚರಿಕೆ ಇತ್ತು.

ಬಟ್ಟೆಗೆ ಅಂಟಿದ ಎಳೆ ಹೆಕ್ಕುವ ಲಿಂಟ್

ಅದೇ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಸಿ ಪ್ರೋಗ್ರಾಮುಗಳನ್ನು ಓದಿ ಸಂಶಯಾಸ್ಪದ ಸ್ಥಳಗಳನ್ನು ತೋರಿಸುವ 'ಲಿಂಟ್' ಎಂಬ ತಂತ್ರಾಂಶವನ್ನು ಬರೆದರು. ಬಟ್ಟೆಗೆ ಅಂಟಿಕೊಳ್ಳುವ ಸಣ್ಣ ಎಳೆ, ಹಿಂಜುಗಳಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಅದು. 1979ರಲ್ಲಿ ಹೊರಬಂದ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಲಿಂಟ್ ಹೊರಗಿನ ವಿಶ್ವವಿದ್ಯಾಲಯಗಳಿಗೂ ತಲುಪಿತು. ಸ್ಥಿರ ವಿಶ್ಲೇಷಣೆಯ ತಂತ್ರಾಂಶಗಳ ಪೈಕಿ ವ್ಯಾಪಕವಾಗಿ ಬಳಕೆಯಾದ ಮೊದಲಿನವುಗಳಲ್ಲಿ ಇದೂ ಒಂದು.

ಫಂಕ್ಷನ್ ಒಂದನ್ನು ಕರೆಯುವಾಗ ಕೊಡುವ ಮೌಲ್ಯಗಳ ಸಂಖ್ಯೆ ಮತ್ತು ಬಗೆ ಎಲ್ಲ ಕಡೆಯೂ ಹೊಂದುತ್ತವೆಯೇ ಎಂದು ಲಿಂಟ್ ತಾಳೆ ನೋಡುತ್ತಿತ್ತು. ಆದರೆ ಪ್ರಿಂಟ್‌ಎಫ್‌ಗೆ ಕೊಡುವ ಮೌಲ್ಯಗಳ ಸಂಖ್ಯೆ ಪ್ರತಿ ಬಾರಿಯೂ ಬೇರೆ. ಇಂಥ ಫಂಕ್ಷನ್‌ಗಳ ಮೇಲೆ ವಿಶೇಷ ಟಿಪ್ಪಣಿಯೊಂದನ್ನು ಬರೆದು, 'ಮೊದಲ ಇಷ್ಟು ಮೌಲ್ಯಗಳನ್ನು ನೋಡು, ಉಳಿದವನ್ನು ಬಿಡು' ಎಂದು ಲಿಂಟ್‌ಗೆ ಹೇಳಲಾಗುತ್ತಿತ್ತು. ಹೀಗೆ ಉಳಿದವನ್ನು ಬಿಟ್ಟಾಗ, ತಪ್ಪಾಗುವ ಸಾಧ್ಯತೆ ಹೆಚ್ಚಿದ್ದ ಭಾಗವೇ ಪರೀಕ್ಷೆಯಿಂದ ಹೊರಗುಳಿಯಿತು.

ಇಲ್ಲೊಂದು ವಿನೋದವಿದೆ. ಪ್ರಿಂಟ್‌ಎಫ್ ಹಿಂದಿರುಗಿಸುವ ಉತ್ತರವನ್ನು ಯಾರೂ ಬಳಸುತ್ತಿಲ್ಲ ಎಂದು ಲಿಂಟ್ ಮತ್ತೆ ಮತ್ತೆ ದೂರುತ್ತಿತ್ತು. ಅದನ್ನು ಸುಮ್ಮನಾಗಿಸಲೆಂದೇ ಎಷ್ಟೋ ಮಂದಿ ಪ್ರಿಂಟ್‌ಎಫ್‌ನ ಹಿಂದೆ 'ವಾಯ್ಡ್' ಎಂಬ ಪದವನ್ನು ಬರೆಯುತ್ತಿದ್ದರು. ಹೀಗೆ ನಿರುಪದ್ರವಿ ಸಂಗತಿಗೆ ಗಲಾಟೆ ಆಗುತ್ತಿತ್ತು; ಉದ್ಧರಣ ಚಿಹ್ನೆಗಳ ನಡುವಿನ ನಿಜವಾದ ತಪ್ಪಿಗೆ ಮೌನ!

ಗುಡುಗು ಮಳೆಯ ರಾತ್ರಿ ಕಲಿಸಿದ ಪಾಠ

1988ರ ಶರತ್ಕಾಲದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಮನೆಯಿಂದ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾಲಯದ ಗಣಕವನ್ನು ಬಳಸುತ್ತಿದ್ದರು. ಗುಡುಗು ಮಳೆಯಿಂದ ತಂತಿಯಲ್ಲಿ ಗದ್ದಲ ಹುಟ್ಟಿ, ಟೈಪ್ ಮಾಡಿದ ಆದೇಶಗಳ ನಡುವೆ ಅರ್ಥವಿಲ್ಲದ ಅಕ್ಷರಗಳು ಸೇರಿಕೊಳ್ಳುತ್ತಿದ್ದವು. ಅದಕ್ಕೆ ಯುನಿಕ್ಸ್‌ನ ದಿನಬಳಕೆಯ ಪ್ರೋಗ್ರಾಮುಗಳೇ ಕುಸಿಯುತ್ತಿದ್ದುದು ಅವರನ್ನು ಅಚ್ಚರಿಗೊಳಿಸಿತು. ಮಿಲ್ಲರ್ ಇದನ್ನೇ ತಮ್ಮ ವಿದ್ಯಾರ್ಥಿಗಳಿಗೆ ಯೋಜನೆಯಾಗಿ ಕೊಟ್ಟರು. ಯಾದೃಚ್ಛಿಕ ಅಕ್ಷರಗಳನ್ನು ತುರುಕಿ ಸುಮಾರು 90 ಪ್ರೋಗ್ರಾಮುಗಳನ್ನು ಪರೀಕ್ಷಿಸಿದಾಗ, ಯುನಿಕ್ಸ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಅವುಗಳ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಸಿದವು. 1990ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಕುಸಿತಕ್ಕೆ ಸಿಕ್ಕಿದ ಕಾರಣಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 'ಸಿ-ಷೆಲ್' ಎಂಬ ಪ್ರೋಗ್ರಾಮ್ ತನಗೆ ತಿಳಿಯದ ಆದೇಶ ಬಂದಾಗ ಆ ಆದೇಶವನ್ನೇ ಸೇರಿಸಿ ದೋಷಸಂದೇಶವೊಂದನ್ನು ಕಟ್ಟುತ್ತಿತ್ತು. ಬಳಿಕ ಆ ಸಂದೇಶವನ್ನೇ ನಮೂನೆ ಸಾಲಾಗಿ ಮುದ್ರಣದ ಫಂಕ್ಷನ್‌ಗೆ ಕೊಡುತ್ತಿತ್ತು. ಟೈಪ್ ಮಾಡಿದ ಅಕ್ಷರಗಳಲ್ಲಿ ಆಕಸ್ಮಿಕವಾಗಿ ಶೇಕಡಾ ಚಿಹ್ನೆ ಇದ್ದರೆ ಅದು ಬಿಟ್ಟ ಸ್ಥಳವಾಗಿಬಿಡುತ್ತಿತ್ತು! ತುಂಬಲು ಮೌಲ್ಯವಿಲ್ಲ, ಕುಸಿಯುವ ಸಾಧ್ಯತೆ ಇತ್ತು. ಬರೆದ ನಮೂನೆ ತಪ್ಪಾಗಿದ್ದುದಲ್ಲ ಇಲ್ಲಿನ ಸಮಸ್ಯೆ. ಬಳಕೆದಾರರ ಮಾತೇ ನಮೂನೆಯಾಯಿತು. ಆದರೆ ಆಗ ಇದನ್ನು ವಿಶ್ವಾಸಾರ್ಹತೆಯ ಕೊರತೆಯಾಗಿ ನೋಡಿದರೇ ವಿನಾ, ಸುರಕ್ಷತೆಯ ಸಮಸ್ಯೆಯೆಂದು ಬಗೆಯಲಿಲ್ಲ.

ಇಸವಿ 2000ದ ಆಘಾತ

1990ರ ದಶಕದಲ್ಲಿ ಜಿಸಿಸಿ ಎಂಬ ಮುಕ್ತ ತಂತ್ರಾಂಶ ಕಂಪೈಲರ್ ಉದ್ಧರಣ ಚಿಹ್ನೆಗಳ ಒಳಗನ್ನು ಓದಲು ಕಲಿತಿತ್ತು. ನಮೂನೆ ಸಾಲು ಎದುರಿಗೇ ಇದ್ದರೆ ಬಿಟ್ಟ ಸ್ಥಳಗಳನ್ನೂ ಮೌಲ್ಯಗಳನ್ನೂ ಒಂದೊಂದಾಗಿ ತಾಳೆ ನೋಡಿ ಎಚ್ಚರಿಸುತ್ತಿತ್ತು. ಬೇರೆಯವರು ಬರೆದ ಫಂಕ್ಷನ್ ಕೂಡ ಪ್ರಿಂಟ್‌ಎಫ್‌ನಂತೆಯೇ ವರ್ತಿಸುತ್ತದೆ ಎಂದು ತಿಳಿಸಲು ಒಂದು ಗುರುತನ್ನೂ ಒದಗಿಸಿತ್ತು. ಸಮಸ್ಯೆ ಮುಗಿಯಿತೆಂದೇ ಅನೇಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

2000ದ ಜೂನ್‌ನಲ್ಲಿ ಡಬ್ಲ್ಯುಯು-ಎಫ್‌ಟಿಪಿಡಿ ಎಂಬ ಕಡತ ವಿತರಣಾ ತಂತ್ರಾಂಶದ ದೋಷ ಬಹಿರಂಗವಾಯಿತು. ಅಂತರಜಾಲದ ಅಸಂಖ್ಯ ಯಂತ್ರಗಳಲ್ಲಿ ಅದು ಬಳಕೆಯಲ್ಲಿತ್ತು. ದೂರದಿಂದ ಬಂದ ಆದೇಶದ ಪಠ್ಯವನ್ನು 'ಎಲ್-ರಿಪ್ಲೈ' ಎಂಬ ಅದರದೇ ಫಂಕ್ಷನ್‌ಗೆ ನಮೂನೆಯ ಜಾಗದಲ್ಲಿ ನೇರವಾಗಿ ಕೊಡಲಾಗಿತ್ತು. ಹೆಸರು ಹೇಳದೆ ಒಳಬಂದ ಅತಿಥಿ ಕೂಡ ಶೇಕಡಾ ಚಿಹ್ನೆಗಳನ್ನು ಕಳುಹಿಸಬಹುದಿತ್ತು.

ಓದುವುದಷ್ಟೇ ಆಗಿದ್ದರೆ ಅಪಾಯ ಸೀಮಿತವಾಗಿರುತ್ತಿತ್ತು. ಆದರೆ ಸಿ ಭಾಷೆಯಲ್ಲಿ '%ಎನ್' ಎಂಬ ವಿಚಿತ್ರ ಸಂಕೇತವೊಂದಿದೆ. ಅದು ಏನನ್ನೂ ಮುದ್ರಿಸುವುದಿಲ್ಲ. ಈವರೆಗೆ ಎಷ್ಟು ಅಕ್ಷರ ಮುದ್ರಿತವಾಗಿದೆ ಎಂಬ ಎಣಿಕೆಯನ್ನು ಸ್ಮೃತಿಯ ಒಂದು ವಿಳಾಸದಲ್ಲಿ ಬರೆಯುತ್ತದೆ. ಎಣಿಕೆಯನ್ನೂ ವಿಳಾಸವನ್ನೂ ದಾಳಿಕಾರರೇ ನಿರ್ಧರಿಸುವಂತಾದರೆ ಸ್ಮೃತಿಯಲ್ಲಿ ಬೇಕಾದಲ್ಲಿ ಬೇಕಾದ್ದನ್ನು ಬರೆದು ಯಂತ್ರದ ಪೂರ್ಣ ಒಡೆತನ ಪಡೆಯಬಹುದು. 2001ರ ಜನವರಿಯಲ್ಲಿ ಹರಡಿದ 'ರಾಮೆನ್' ಎಂಬ ಹುಳು ಲಿನಕ್ಸ್ ಯಂತ್ರಗಳಿಗೆ ನುಗ್ಗಲು ಬಳಸಿದ್ದು ಮೂರು ತಂತ್ರಾಂಶಗಳ ದೋಷಗಳನ್ನು. ಮೂರೂ ಇದೇ ಜಾತಿಯ ನಮೂನೆ ಸಾಲಿನ ದೋಷಗಳು.

ಪರೀಕ್ಷಕಗಳು ಏಕೆ ಸುಮ್ಮನಿದ್ದವು? ಒಂದು ಕಾರಣ, ಭಾಷೆಯ ನಿಯಮದಂತೆ ಅಲ್ಲಿ ತಪ್ಪೇ ಇರಲಿಲ್ಲ. ಫಂಕ್ಷನ್ ಅಕ್ಷರಸರಣಿಯೊಂದನ್ನು ಕೇಳಿತ್ತು, ಅಕ್ಷರಸರಣಿಯೇ ಬಂದಿತ್ತು. ಇನ್ನೊಂದು ಕಾರಣ, ಆ ಸರಣಿಯಲ್ಲಿ ಏನಿರುತ್ತದೆ ಎಂಬುದು ಪ್ರೋಗ್ರಾಮ್ ನಡೆಯುವಾಗ ಮಾತ್ರ ಗೊತ್ತಾಗುತ್ತದೆ. ಎದುರಿಗಿಲ್ಲದ ನಮೂನೆಯನ್ನು ತಾಳೆ ನೋಡುವುದಾದರೂ ಹೇಗೆ?

ಗಣಿತ ಹಾಕಿದ ಗೆರೆ

ಜಾಣತನ ಹೆಚ್ಚಿದರೆ ಪರೀಕ್ಷಕ ಎಲ್ಲ ತಪ್ಪುಗಳನ್ನೂ ಹಿಡಿಯಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಾಧ್ಯವಿಲ್ಲ ಎನ್ನುತ್ತದೆ ಗಣಿತ. ಯಾವುದೇ ಪ್ರೋಗ್ರಾಮ್ ಎಂದಾದರೂ ನಿಲ್ಲುತ್ತದೆಯೇ ಇಲ್ಲವೇ ಎಂದು ತಪ್ಪದೆ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲಾರದು ಎಂಬ ಅರಿವಿಗೆ ಅಲನ್ ಟ್ಯೂರಿಂಗ್ 1936ರಲ್ಲೇ ತಳಹದಿ ಹಾಕಿದರು. ಪ್ರೋಗ್ರಾಮಿನ ವರ್ತನೆಯ ಕುರಿತಾದ ಯಾವ ಸ್ವಾರಸ್ಯಕರ ಪ್ರಶ್ನೆಗೂ ಇದೇ ಗತಿ ಎಂದು ಹೆನ್ರಿ ರೈಸ್ 1953ರಲ್ಲಿ ತೋರಿಸಿದರು.

ಇದನ್ನು ನಮ್ಮ ವಿಷಯಕ್ಕೆ ಅನ್ವಯಿಸುವುದು ಸುಲಭ. ಒಂದು ದೊಡ್ಡ ಲೆಕ್ಕದ ಕೊನೆಯಲ್ಲಿ ತಪ್ಪಾದ ನಮೂನೆ ಸಾಲೊಂದನ್ನು ಇಟ್ಟಿದ್ದೇವೆ ಎನ್ನಿ. ಆ ತಪ್ಪು ಎಂದಾದರೂ ಸಂಭವಿಸುತ್ತದೆಯೇ? ಮುಂಚಿನ ಲೆಕ್ಕ ಮುಗಿದರೆ ಮಾತ್ರ. ಲೆಕ್ಕ ಮುಗಿಯುತ್ತದೆಯೇ ಎಂಬುದೇ ಟ್ಯೂರಿಂಗರ ಪ್ರಶ್ನೆ! ಆದ್ದರಿಂದ ಪ್ರತಿ ಪರೀಕ್ಷಕವೂ ಎರಡು ಕೆಡುಕುಗಳ ನಡುವೆ ರಾಜಿ ಮಾಡಿಕೊಳ್ಳಲೇಬೇಕು. ಅನುಮಾನ ಬಂದಲ್ಲೆಲ್ಲ ಕೂಗಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚಿ ಜನ ಅದನ್ನು ನಿರ್ಲಕ್ಷಿಸುತ್ತಾರೆ. ಖಚಿತವಾದಾಗ ಮಾತ್ರ ಕೂಗಿದರೆ ನಿಜವಾದ ದೋಷಗಳು ನುಸುಳುತ್ತವೆ.

ಈ ಇಕ್ಕಟ್ಟಿನಲ್ಲೂ ಪ್ರಗತಿಯಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉಮೇಶ್ ಶಂಕರ್, ಕುನಾಲ್ ತಲ್ವಾರ್, ಜೆಫ್ರಿ ಫಾಸ್ಟರ್ ಮತ್ತು ಡೇವಿಡ್ ವ್ಯಾಗ್ನರ್ 2001ರಲ್ಲಿ ಒಂದು ಸೊಗಸಾದ ವಿಧಾನವನ್ನು ಮಂಡಿಸಿದರು. ಹೊರಗಿನಿಂದ ಬಂದ ದತ್ತಾಂಶಕ್ಕೆ 'ಕಳಂಕಿತ' ಎಂಬ ಗುರುತು ಹಚ್ಚಿ, ಅದು ಪ್ರೋಗ್ರಾಮಿನಲ್ಲಿ ಎಲ್ಲೆಲ್ಲಿ ಹರಿಯುತ್ತದೆ ಎಂದು ಬಗೆಗಳ ನಿಯಮದಿಂದಲೇ ಹಿಂಬಾಲಿಸುವುದು. ನಮೂನೆಯ ಜಾಗಕ್ಕೆ ಕಳಂಕಿತ ಸರಣಿ ತಲುಪಿದರೆ ಎಚ್ಚರಿಸುವುದು. ನಮೂನೆಯಲ್ಲಿ ಏನಿದೆ ಎಂಬುದರ ಬದಲು ಅದು ಎಲ್ಲಿಂದ ಬಂತು ಎಂದು ಕೇಳಿದ್ದು ಇಲ್ಲಿನ ಹೊಸತನ. ಜಿಸಿಸಿ ಕೂಡ, ಮೌಲ್ಯಗಳಿಲ್ಲದೆ ಬರಿಯ ಚರವೊಂದನ್ನು ನಮೂನೆಯಾಗಿ ಕೊಟ್ಟರೆ ಎಚ್ಚರಿಸುವ ಆಯ್ಕೆಯನ್ನು ಪಡೆಯಿತು. 2008ರ ಉಬುಂಟು 8.10ರಲ್ಲಿ ಈ ಎಚ್ಚರಿಕೆ ತಾನಾಗಿ ಜಾರಿಯಲ್ಲಿತ್ತು.

ವಿನಾಯಿತಿಯ ಕಿಂಡಿ

ಇಷ್ಟೆಲ್ಲ ಆದ ಮೇಲೆ, 2012ರ ಜನವರಿಯಲ್ಲಿ, 'ಸೂಡೂ' ಎಂಬ ತಂತ್ರಾಂಶದಲ್ಲಿ ಇದೇ ದೋಷ ಕಾಣಿಸಿಕೊಂಡಿತು. ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯ ಬಳಕೆದಾರರಿಗೆ ಮೇಲ್ವಿಚಾರಕರ ಅಧಿಕಾರವನ್ನು ಅಳತೆಯಿಟ್ಟು ಕೊಡುವ ದ್ವಾರಪಾಲಕ ಅದು. ಅದರ 1.8.0 ಆವೃತ್ತಿಯಲ್ಲಿ ಸೇರಿಸಿದ ದೋಷಶೋಧನೆಯ ಫಂಕ್ಷನ್ ಒಂದು, ಬಂದ ನಮೂನೆಯ ಹಿಂದೆ ಪ್ರೋಗ್ರಾಮಿನ ಹೆಸರನ್ನು ಅಂಟಿಸಿ ಹೊಸ ನಮೂನೆ ಕಟ್ಟುತ್ತಿತ್ತು. ಪ್ರೋಗ್ರಾಮಿನ ಹೆಸರಲ್ಲವೇ, ಅದರಲ್ಲೇನು ಅಪಾಯ? ಆದರೆ ಯುನಿಕ್ಸ್‌ನಲ್ಲಿ ಪ್ರೋಗ್ರಾಮಿಗೆ ಬೇರೊಂದು ಹೆಸರಿನ ಕೊಂಡಿ ಕಲ್ಪಿಸಿ ಆ ಹೆಸರಿನಿಂದ ಅದನ್ನು ಕರೆಯಬಹುದು. ಆ ಹೆಸರಿನಲ್ಲಿ %ಎನ್ ಇದ್ದರೆ?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಮೂನೆ ಎದುರಿಗಿಲ್ಲದಿದ್ದರೆ ಎಚ್ಚರಿಸುವ ಜಿಸಿಸಿಯ ಆಯ್ಕೆಯಲ್ಲಿ ಒಂದು ವಿನಾಯಿತಿ ಇದೆ: ಮೌಲ್ಯಗಳನ್ನು ಬಿಡಿಬಿಡಿಯಾಗಿ ಪಡೆಯದೆ ಒಂದು ಪಟ್ಟಿಯಾಗಿ ಪಡೆಯುವ ಫಂಕ್ಷನ್‌ಗಳಿಗೆ ಅದು ಅನ್ವಯಿಸದು. ಕಾರಣ ಸರಿಯಾದದ್ದೇ. ಅಂಥ ಫಂಕ್ಷನ್‌ಗಳು ಇರುವುದೇ ಬೇರೆಡೆಯಿಂದ ಬಂದ ನಮೂನೆಯನ್ನು ಮುಂದಕ್ಕೆ ದಾಟಿಸಲು. ಅಲ್ಲೆಲ್ಲ ಕೂಗಿದರೆ ಸುಳ್ಳು ಎಚ್ಚರಿಕೆಗಳ ಸುರಿಮಳೆಯಾದೀತು. ಸೂಡೂ ಬಳಸಿದ್ದು ಅಂಥದ್ದೇ ಒಂದು ಫಂಕ್ಷನ್. ಸುಳ್ಳು ಎಚ್ಚರಿಕೆ ತಪ್ಪಿಸಲು ಬಿಟ್ಟ ಕಿಂಡಿಯಲ್ಲಿ ನಿಜವಾದ ದೋಷ ತೂರಿತು.

2021ರ ಜೂನ್‌ನಲ್ಲಿ ಇನ್ನೊಂದು ಪ್ರಸಂಗ ಸುದ್ದಿಯಾಯಿತು. ಶೇಕಡಾ ಚಿಹ್ನೆಗಳಿಂದ ತುಂಬಿದ ಹೆಸರಿನ ವೈ-ಫೈ ಜಾಲಕ್ಕೆ ಸೇರಿದ ಐಫೋನ್‌ಗಳಲ್ಲಿ ವೈ-ಫೈ ಸೌಲಭ್ಯವೇ ನಿಂತುಹೋಗುತ್ತಿತ್ತು. ಜಾಲದ ಹೆಸರು ಒಳಗೆಲ್ಲೋ ನಮೂನೆಯ ಭಾಗವಾಗಿತ್ತು. ಜುಲೈನಲ್ಲಿ ಬಂದ ಐಓಎಸ್ 14.7 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. ಸಿ-ಷೆಲ್‌ನ ಕುಸಿತ ಪ್ರಕಟವಾಗಿ ಆಗ 31 ವರ್ಷ ಕಳೆದಿತ್ತು.

ಕನ್ನಡಕ್ಕೂ ಉಂಟು ಸಂಬಂಧ

ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರು ಈ ಸಮಸ್ಯೆಯನ್ನು ಬೇರೊಂದು ಮಗ್ಗುಲಿನಿಂದ ಎದುರಿಸುತ್ತಾರೆ. ಅನುವಾದಿತ ಸಂದೇಶಗಳು ಪ್ರೋಗ್ರಾಮಿನಲ್ಲಿ ಇರುವುದಿಲ್ಲ. ಪ್ರತ್ಯೇಕ ಕಡತದಲ್ಲಿದ್ದು, ನಡೆಯುವಾಗ ಜೋಡಣೆಯಾಗುತ್ತವೆ. ಪ್ರೋಗ್ರಾಮನ್ನು ಓದುವ ಪರೀಕ್ಷಕಕ್ಕೆ ಮೂಲ ಇಂಗ್ಲಿಷ್ ನಮೂನೆ ಮಾತ್ರ ಕಾಣುತ್ತದೆ. ಇಂಗ್ಲಿಷಿನಲ್ಲಿ ಮೊದಲು ಕ್ರಿಯೆ, ಆಮೇಲೆ ಎಷ್ಟು ಕಡತ, ಕೊನೆಗೆ ಯಾವ ಕೋಶಕ್ಕೆ ಎಂಬ ಕ್ರಮವಿದ್ದರೆ ಕನ್ನಡದಲ್ಲಿ 'ಚಿತ್ರಗಳು ಕೋಶಕ್ಕೆ 12 ಕಡತಗಳನ್ನು ನಕಲಿಸಲಾಗಿದೆ' ಎನ್ನುವುದು ಸಹಜ. ಅನುವಾದಕರು %ಎಸ್ ಅನ್ನು ಮೊದಲಿಗೂ %ಡಿ ಅನ್ನು ಅನಂತರವೂ ಬರೆದರೆ ವಾಕ್ಯ ಚೆಂದವಾಗುತ್ತದೆ; ಆದರೆ ಮೌಲ್ಯಗಳು ಹಳೆಯ ಕ್ರಮದಲ್ಲೇ ಬಂದು 12 ಎಂಬುದು ವಿಳಾಸವಾಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಸರಿಯಾಗಿ ನಡೆಯುವ ಪ್ರೋಗ್ರಾಮ್ ಕನ್ನಡದಲ್ಲಿ ಮಾತ್ರ ಕುಸಿಯುತ್ತದೆ!

ಇದಕ್ಕೆ ಪರಿಹಾರವಾಗಿ ಪ್ರತಿ ಬಿಟ್ಟ ಸ್ಥಳಕ್ಕೆ 'ಒಂದನೆಯ ಮೌಲ್ಯ', 'ಎರಡನೆಯ ಮೌಲ್ಯ' ಎಂದು ಕ್ರಮಸಂಖ್ಯೆ ಕೊಡುವ ಪದ್ಧತಿ ಯುನಿಕ್ಸ್ ಮಾನಕದಲ್ಲಿದೆ. ಅನುವಾದ ಕಡತದ ನಮೂನೆಗಳನ್ನು ಮೂಲದೊಡನೆ ತಾಳೆ ನೋಡುವ ಸೌಲಭ್ಯ ಗ್ನೂ ಸಂಸ್ಥೆಯ 'ಗೆಟ್‌ಟೆಕ್ಸ್ಟ್' ಸಲಕರಣೆಯಲ್ಲಿದೆ. ಪ್ರೋಗ್ರಾಮನ್ನು ಎಷ್ಟು ಪರೀಕ್ಷಿಸಿದರೂ ಸಿಗದ ತಪ್ಪು, ಅದು ನಿಜವಾಗಿ ಇರುವ ಕಡತವನ್ನು ಪರೀಕ್ಷಿಸಿದಾಗ ಸಿಗುತ್ತದೆ.

ಭಾಷೆಯನ್ನೇ ತಿದ್ದುವ ದಾರಿ

ಪರೀಕ್ಷಕವನ್ನು ಇನ್ನಷ್ಟು ಜಾಣಗೊಳಿಸುವ ಬದಲು ತಪ್ಪು ಮಾಡಲು ಅವಕಾಶವನ್ನೇ ಕಿರಿದುಗೊಳಿಸುವುದು ಇತ್ತೀಚಿನ ಒಲವು. ಮೈಕ್ರೋಸಾಫ್ಟ್ ತನ್ನ 2005ರ ಸಿ ಕಂಪೈಲರಿನಲ್ಲಿ %ಎನ್ ಸಂಕೇತವನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ಮುದ್ರಣದ ನಮೂನೆ ಎದುರಿಗೇ ಬರೆದಿರಬೇಕು. ಚರವನ್ನು ಆ ಜಾಗದಲ್ಲಿ ಇಟ್ಟರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ. ಸಿ++ ಭಾಷೆಯ 2020ರ ಮಾನಕದಲ್ಲಿ ಸೇರಿದ ಹೊಸ ನಮೂನೆ ಸೌಲಭ್ಯವೂ ಇದೇ ಹಾದಿಯದು. 2025ರಲ್ಲಿ ಬಂದ ಗೋ ಭಾಷೆಯ 1.24 ಆವೃತ್ತಿಯ ಪರೀಕ್ಷಕ, ಮೌಲ್ಯಗಳಿಲ್ಲದೆ ಚರವೊಂದನ್ನೇ ನಮೂನೆಯಾಗಿ ಕೊಟ್ಟಲ್ಲಿ ಎಚ್ಚರಿಸುತ್ತದೆ. ಆದರೆ ಸಿ ಭಾಷೆಯಲ್ಲಿ ಈಗಾಗಲೇ ಬರೆದಿರುವ ಅಪಾರ ಪ್ರೋಗ್ರಾಮುಗಳು ಬಳಕೆಯಲ್ಲಿವೆ. ಅವುಗಳಿಗೆ ಈ ರಕ್ಷಣೆ ತಾನಾಗಿ ದೊರೆಯದು.

ತರಗತಿಯಲ್ಲಿ ಮಾಡಿ ನೋಡಿ

ಸಿ ಭಾಷೆ ಕಲಿಸುವ ಅಧ್ಯಾಪಕರು ಈ ಚರಿತ್ರೆಯ ಸಾರವನ್ನು ಹತ್ತು ನಿಮಿಷದಲ್ಲಿ ತೋರಿಸಬಹುದು. ಪ್ರಿಂಟ್‌ಎಫ್‌ನಲ್ಲಿ %ಡಿ ಬರೆದು ಅದಕ್ಕೆ ಹೆಸರೊಂದನ್ನು ಮೌಲ್ಯವಾಗಿ ಕೊಡಿ. ಎಲ್ಲ ಸಾಮಾನ್ಯ ಎಚ್ಚರಿಕೆಗಳನ್ನು ಜಾರಿಯಲ್ಲಿಟ್ಟು ಜಿಸಿಸಿಯಿಂದ ಕಂಪೈಲ್ ಮಾಡಿ. ಅದು ತಕ್ಷಣ ಎಚ್ಚರಿಸುತ್ತದೆ. ಈಗ ಅದೇ ನಮೂನೆ ಸಾಲನ್ನು ಒಂದು ಸಾಧಾರಣ ಅಕ್ಷರ ಪಾಯಿಂಟರಿನಲ್ಲಿಟ್ಟು, ಆ ಚರವನ್ನು ಪ್ರಿಂಟ್‌ಎಫ್‌ಗೆ ಕೊಟ್ಟು ಮತ್ತೆ ಕಂಪೈಲ್ ಮಾಡಿ. ತಪ್ಪು ಹಾಗೆಯೇ ಇದೆ, ಎಚ್ಚರಿಕೆ ಮಾಯ.

ಎರಡನೆಯ ಬಾರಿ ಕಂಪೈಲರ್ ಸುಮ್ಮನಿದ್ದುದರ ಅರ್ಥವೇನೆಂದು ವಿದ್ಯಾರ್ಥಿಗಳನ್ನು ಕೇಳಿ. 'ತಪ್ಪಿಲ್ಲ' ಎಂದು ಅದು ಹೇಳಿಲ್ಲ. 'ನಾನು ನೋಡಬಲ್ಲ ಜಾಗದಲ್ಲಿ ತಪ್ಪು ಕಾಣಲಿಲ್ಲ' ಎಂದಷ್ಟೇ ಹೇಳಿದೆ. ಜ್ವರಮಾಪಕ ಸಾಧಾರಣ ತಾಪವನ್ನು ತೋರಿಸಿದ ಮಾತ್ರಕ್ಕೆ ಮೂಳೆ ಮುರಿದಿಲ್ಲವೆಂದು ವೈದ್ಯರು ತೀರ್ಮಾನಿಸುವುದಿಲ್ಲ. ಪರೀಕ್ಷಕ ತಂತ್ರಾಂಶವನ್ನು ತಪ್ಪದೆ ಬಳಸಬೇಕು. ಜೊತೆಗೆ ಅದು ಏನನ್ನು ನೋಡುವುದಿಲ್ಲ ಎಂಬ ಪಟ್ಟಿಯನ್ನೂ ವಿದ್ಯಾರ್ಥಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.